ಚಿಕುನಿಯ ಬರ: ಮಳೆ ನಿಂತಾಗ ಒಂದು ಮಿಷನ್ ಊರು ಹೇಗೆ ಬದುಕುತ್ತದೆ?

2023ರ ಬರ ನಮಗೆಲ್ಲ ನೆನಪಿದೆ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಮರುವರ್ಷ ಮಾರ್ಚ್‌ ಹೊತ್ತಿಗೆ ಬೆಂಗಳೂರಿನ ಬಡಾವಣೆಗಳಲ್ಲಿ ಜನ ಟ್ಯಾಂಕರ್ ದಾರಿ ಕಾಯುತ್ತಿದ್ದರು. ಸುಮಾರು ಅದೇ ದಿನಗಳಲ್ಲಿ, 2024ರ ಫೆಬ್ರವರಿ 29ರಂದು, ಆಫ್ರಿಕಾದ ಜಾಂಬಿಯಾ ದೇಶದ ಅಧ್ಯಕ್ಷ ಹಕೈಂಡೆ ಹಿಚಿಲೆಮಾ ತಮ್ಮ ದೇಶದ ಬರವನ್ನು ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿದರು. ಅಲ್ಲಿನ 116 ಜಿಲ್ಲೆಗಳಲ್ಲಿ 84 ಜಿಲ್ಲೆಗಳಿಗೆ ಬರ ಬಡಿದಿತ್ತು. ಬಿತ್ತಿದ್ದ ಸುಮಾರು 22 ಲಕ್ಷ ಹೆಕ್ಟೇರ್ ಮೆಕ್ಕೆಜೋಳದಲ್ಲಿ 10 ಲಕ್ಷ ಹೆಕ್ಟೇರ್ ಒಣಗಿ ಹೋಗಿತ್ತು.

ಎರಡು ಕಡೆಯ ಬರಕ್ಕೂ ಮುಖ್ಯ ಕಾರಣ ಒಂದೇ, ಎಲ್ ನಿನೊ, ಅಂದರೆ ಪೆಸಿಫಿಕ್ ಸಮುದ್ರದ ಬಿಸಿನೀರು ಜಾಗ ಬದಲಿಸುವುದು. ನಮ್ಮನ್ನೂ ಜಾಂಬಿಯಾವನ್ನೂ ಸೇರಿಸುವ ಇನ್ನೊಂದು ಎಳೆಯೂ ಇದೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಂದ ಸಿಸ್ಟರ್‌ಗಳು, ಫಾದರ್‌ಗಳು ಆಫ್ರಿಕಾದ ಮಿಷನ್‌ಗಳಿಗೆ ಕೆಲಸಕ್ಕೆ ಹೋಗಿದ್ದಾರೆ. ‘ಇಲ್ಲಿ ಮಳೆ ಇಲ್ಲ’ ಎಂದು ಅಲ್ಲಿಂದ ಫೋನ್ ಬಂದರೆ ಮನೆಯವರಿಗೆ ಅರ್ಧ ಮಾತ್ರ ಅರ್ಥವಾಗುತ್ತದೆ. ಮಳೆ ಇಲ್ಲದಿದ್ದರೆ ಕರೆಂಟ್ ಯಾಕೆ ಹೋಗಬೇಕು? ಆಸ್ಪತ್ರೆ ಯಾಕೆ ತುಂಬಬೇಕು? ಹಾಸ್ಟೆಲ್ ನಡೆಸುವುದೇ ಯಾಕೆ ಕಷ್ಟವಾಗಬೇಕು? ಜಾಂಬಿಯಾದ ದಕ್ಷಿಣ ಪ್ರಾಂತ್ಯದ ಚಿಕುನಿ ಎಂಬ ಮಿಷನ್ ಊರನ್ನು ಮುಂದಿಟ್ಟುಕೊಂಡು ಇದನ್ನು ಒಂದೊಂದಾಗಿ ನೋಡೋಣ.

ಮಿಷನ್ ಅಂದರೆ ಬರೀ ಚರ್ಚ್ ಅಲ್ಲ

ಜಾಂಬಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ನಾಲ್ಕರಷ್ಟಿದೆ. ಜನಸಂಖ್ಯೆ ಮಾತ್ರ ಸುಮಾರು 2 ಕೋಟಿ. ಹಳ್ಳಿಗಳು ದೂರ ದೂರ ಚದುರಿವೆ. ಹೀಗಾಗಿ ಆಸ್ಪತ್ರೆ, ಶಾಲೆ ಎಲ್ಲ ಕೈಗೆಟಕುವಷ್ಟು ಹತ್ತಿರ ಇರುವುದಿಲ್ಲ.

ಅಲ್ಲಿ ‘ಮಿಷನ್’ ಎಂದರೆ ಒಂದೇ ಜಾಗದಲ್ಲಿ ಸೇರಿರುವ ಹಲವು ಸಂಸ್ಥೆಗಳ ಊರು. ನಮ್ಮಲ್ಲಿ ಸಿದ್ಧಗಂಗೆಯಂಥ ಮಠವನ್ನು ನೆನೆಸಿಕೊಳ್ಳಿ. ಅಲ್ಲಿ ದೇವರ ಕೆಲಸ ಇದೆ. ಜೊತೆಗೆ ಶಾಲೆ, ಹಾಸ್ಟೆಲ್, ದಾಸೋಹ, ಜಮೀನು, ದನ ಎಲ್ಲ ಇದೆ. ಮಿಷನ್ ಕೂಡ ಹಾಗೆಯೇ. ಧರ್ಮ ಬೇರೆ, ರೂಪ ಬಹುಮಟ್ಟಿಗೆ ಒಂದೇ.

ಚಿಕುನಿ ಇರುವುದು ಮೊಂಜೆ ಜಿಲ್ಲೆಯಲ್ಲಿ, ರಾಜಧಾನಿ ಲುಸಾಕಾದಿಂದ ನೈಋತ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ. ಸುತ್ತಲಿನವರು ಟೊಂಗಾ ಜನ. ಬೇಸಾಯ, ದನ ಎರಡೂ ಅವರ ಬದುಕು. 1905ರಲ್ಲಿ ಜೋಸೆಫ್ ಮೊರೊ ಎಂಬ ಫ್ರಾನ್ಸಿನ ಜೆಸ್ಯೂಟ್ (ಒಂದು ಕ್ಯಾಥೊಲಿಕ್ ಧಾರ್ಮಿಕ ಸಂಘ) ಪಾದ್ರಿ ಇಲ್ಲಿ ಮಿಷನ್ ಶುರು ಮಾಡಿದರು. ಈಗ ಇಲ್ಲಿ ಚರ್ಚ್ ಇದೆ, ಆಸ್ಪತ್ರೆ ಇದೆ, ಹುಡುಗರಿಗೂ ಹುಡುಗಿಯರಿಗೂ ಪ್ರೌಢಶಾಲೆಗಳಿವೆ, ಶಿಕ್ಷಕರ ತರಬೇತಿ ಕಾಲೇಜಿದೆ, ಟೊಂಗಾ ಭಾಷೆಯ ಸಮುದಾಯ ರೇಡಿಯೊ ಇದೆ. ಮಿಷನ್ ಆಸ್ಪತ್ರೆಗಳಿಗೆ ಅಲ್ಲಿನ ಸರ್ಕಾರ ಸಿಬ್ಬಂದಿಯನ್ನೂ ಹಣವನ್ನೂ ಕೊಡುತ್ತದೆ, ನಮ್ಮ ಅನುದಾನಿತ ಶಾಲೆಗಳ ಹಾಗೆ.

ಬರ ಬಂದಾಗ ಜನ ಮೊದಲು ಬಂದು ಸೇರುವುದು ಇಂಥ ಕಡೆಗೇ. ನೀರು, ಔಷಧಿ, ಮಕ್ಕಳ ಒಂದು ಹೊತ್ತಿನ ಊಟ, ಏನು ಬೇಕಾದರೂ ಹೋಗಬೇಕಾದ್ದು ಒಂದೇ ಜಾಗಕ್ಕೆ. ಬರದ ಎಲ್ಲ ಎಳೆಗಳೂ ಒಟ್ಟಿಗೆ ಕಾಣಬೇಕೆಂದರೆ ಮಿಷನ್ ಊರನ್ನು ನೋಡಬೇಕು.

ಬೇಸಿಗೆ ಬೇರೆ, ಬರ ಬೇರೆ

ದಕ್ಷಿಣ ಜಾಂಬಿಯಾದಲ್ಲಿ ವರ್ಷಕ್ಕೆ ಒಂದೇ ಮಳೆಗಾಲ. ನವೆಂಬರ್‌ನಲ್ಲಿ ಶುರುವಾಗಿ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಟೊಂಗಾ ಭಾಷೆಯಲ್ಲಿ ಮಳೆಗಾಲಕ್ಕೆ ‘ಮೈಂಜಾ’ ಎನ್ನುತ್ತಾರೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಒಣ ಚಳಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಣ ಬಿಸಿಲು. ನಮಗೆ ಮುಂಗಾರು ಕೈಕೊಟ್ಟರೆ ಹಿಂಗಾರು ಎಂಬ ಇನ್ನೊಂದು ಆಸೆ ಇರುತ್ತದೆ, ಅಲ್ವಾ? ಏಪ್ರಿಲ್‌ನಲ್ಲಿ ಮಾವಿನ ಮಳೆಯಾದರೂ ಒಂದೆರಡು ಬೀಳುತ್ತದೆ. ಅಲ್ಲಿ ಆ ಎರಡನೇ ಅವಕಾಶ ಇಲ್ಲ.

ಒಳ್ಳೆಯ ವರ್ಷದಲ್ಲೂ ಆರೇಳು ತಿಂಗಳು ಒಂದು ಹನಿ ಬೀಳದೆ ಇರುವುದು ಅಲ್ಲಿ ಮಾಮೂಲು. ಅದು ಬರ ಅಲ್ಲ, ಒಣಗಾಲ. ಜನ ಅದಕ್ಕೆ ತಯಾರಾಗಿಯೇ ಇರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳೆ ಬರುತ್ತದೆ. ಆ ಕಾಳು ಮುಂದಿನ ಬೆಳೆಯವರೆಗೆ ನಡೆಯಬೇಕು. ಕೆರೆ, ಹಳ್ಳ, ಅಂತರ್ಜಲದಲ್ಲಿ ನಿಂತ ನೀರು ನವೆಂಬರ್‌ವರೆಗೆ ಬರಬೇಕು. ವರ್ಷಕ್ಕೆ ಒಂದೇ ಸಲ ಸಂಬಳ ಬರುವ ಮನೆ ಎಂದುಕೊಳ್ಳಿ. ಆ ಒಂದು ಸಂಬಳ ಅರ್ಧಕ್ಕೆ ಇಳಿದರೆ ಬೇಸಿಗೆಯ ಹೆಸರು ಬರ ಎಂದಾಗುತ್ತದೆ.

ಆದ್ದರಿಂದ ಬರ ಶುರುವಾಗುವುದು ಮಳೆಗಾಲದಲ್ಲಿ, ಅದು ಕಚ್ಚುವುದು ಒಣಗಾಲದಲ್ಲಿ. 2024ರ ಜನವರಿಯಲ್ಲಿ ಬಾರದ ಮಳೆಯ ನೋವು ಅದೇ ವರ್ಷದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೆಚ್ಚಾಯಿತು. ಸುದ್ದಿಯಲ್ಲಿ ಬರ ಮರೆತುಹೋಗುವ ಹೊತ್ತಿಗೆ ಹಳ್ಳಿಯಲ್ಲಿ ಅದು ಜೋರಾಗಿರುತ್ತದೆ.

ಪೆಸಿಫಿಕ್ ಸಮುದ್ರಕ್ಕೂ ಮೊಂಜೆಯ ಹೊಲಕ್ಕೂ ಏನು ಸಂಬಂಧ?

ಪೆಸಿಫಿಕ್ ಸಮುದ್ರದ ಮೇಲೆ, ಭೂಮಧ್ಯರೇಖೆಯ ಹತ್ತಿರ, ಸಾಮಾನ್ಯವಾಗಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಅಂದರೆ ದಕ್ಷಿಣ ಅಮೆರಿಕದ ಕಡೆಯಿಂದ ಇಂಡೋನೇಷ್ಯಾದ ಕಡೆಗೆ. ಅಗಲವಾದ ಬಾಣಲೆಯ ನೀರನ್ನು ಒಂದು ಕಡೆಯಿಂದ ಊದುತ್ತಾ ಇದ್ದರೆ ಇನ್ನೊಂದು ಅಂಚಿಗೆ ಹೋಗಿ ನಿಲ್ಲುತ್ತದಲ್ಲ, ಹಾಗೆ ಬಿಸಿನೀರು ಇಂಡೋನೇಷ್ಯಾದ ಕಡೆ ಸೇರಿರುತ್ತದೆ. ಬಿಸಿನೀರು ಇದ್ದಲ್ಲಿ ಗಾಳಿ ಮೇಲೇರುತ್ತದೆ, ಮೋಡ ಕಟ್ಟುತ್ತದೆ.

ಕೆಲವು ವರ್ಷಗಳಿಗೊಮ್ಮೆ ಈ ಊದುವ ಗಾಳಿ ಸೋಲುತ್ತದೆ. ಬಿಸಿನೀರು ವಾಪಸ್ ಪೂರ್ವಕ್ಕೆ ಹರಡಿಕೊಳ್ಳುತ್ತದೆ. ಇದೇ ಎಲ್ ನಿನೊ. ಮೋಡ ಕಟ್ಟುವ ಜಾಗ ಬದಲಾಗುತ್ತಿದ್ದಂತೆ ಭೂಮಿಯ ಸುತ್ತ ಗಾಳಿಯ ದಾರಿಗಳೂ ಬದಲಾಗುತ್ತವೆ. ಎಲ್ಲೋ ಗಾಳಿ ಮೇಲೇರಿದರೆ ಇನ್ನೆಲ್ಲೋ ಕೆಳಗಿಳಿಯಲೇಬೇಕು. ಕೆಳಗಿಳಿಯುವ ಗಾಳಿ ಮೋಡ ಕಟ್ಟಲು ಬಿಡುವುದಿಲ್ಲ. ಎಲ್ ನಿನೊ ವರ್ಷಗಳಲ್ಲಿ ಹೀಗೆ ಮಳೆ ಕಳೆದುಕೊಳ್ಳುವ ಸಾಧ್ಯತೆ ಜಾಸ್ತಿ ಇರುವ ಕಡೆಗಳಲ್ಲಿ ಭಾರತವೂ ಇದೆ, ಆಫ್ರಿಕಾದ ದಕ್ಷಿಣ ಭಾಗವೂ ಇದೆ.

ಎಲ್ ನಿನೊ ಸಾಮಾನ್ಯವಾಗಿ ವರ್ಷದ ಮಧ್ಯೆ ಬಲಗೊಳ್ಳಲು ಶುರುವಾಗಿ ಡಿಸೆಂಬರ್ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಹಾಗಾಗಿ ಅದು ಮೊದಲು ನಮ್ಮ ಜೂನ್‌–ಸೆಪ್ಟೆಂಬರ್ ಮಳೆಯನ್ನು ಮುಟ್ಟಿತು. ನಂತರ ಅವರ ನವೆಂಬರ್‌–ಏಪ್ರಿಲ್ ಮಳೆಯನ್ನು ಮುಟ್ಟಿತು. ಜಾಂಬಿಯಾದ ಜೊತೆಗೆ ಮಲಾವಿ, ಜಿಂಬಾಬ್ವೆ ಕೂಡ ಮಾರ್ಚ್, ಏಪ್ರಿಲ್‌ನಲ್ಲಿ ಬರವನ್ನು ವಿಪತ್ತು ಎಂದು ಘೋಷಿಸಿದವು.

ಮೆಕ್ಕೆಜೋಳದ ಕೂದಲು ಮತ್ತು ಐದು ವಾರ

ಒಟ್ಟು ಮಳೆ ಎಷ್ಟು ಬಿತ್ತು ಎಂಬುದಕ್ಕಿಂತ ಯಾವಾಗ ಬಿತ್ತು ಎಂಬುದು ರೈತನಿಗೆ ಮುಖ್ಯ. ಇದನ್ನು ಬಯಲುಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮೊಂಜೆಯ ಕಡೆ ಒಳ್ಳೆಯ ವರ್ಷದಲ್ಲಿ 800 ಮಿಲಿಮೀಟರ್ ಆಸುಪಾಸು ಮಳೆ ಬರುತ್ತದೆ. ಚಿತ್ರದುರ್ಗಕ್ಕಿಂತ ಜಾಸ್ತಿಯೇ. ಆದರೂ 2024ರಲ್ಲಿ ಬೆಳೆ ಹೋಯಿತು. ಕಾರಣ, ಜನವರಿ ಮಧ್ಯದಿಂದ ಸುಮಾರು ಐದು ವಾರ ದೇಶದ ಬಹುಭಾಗದಲ್ಲಿ ಮಳೆ ಕಣ್ಮರೆಯಾಯಿತು.

ಆ ಐದು ವಾರದಲ್ಲಿ ಏನಿತ್ತು? ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಬಿತ್ತಿದ ಮೆಕ್ಕೆಜೋಳ ಎಂಟೊಂಬತ್ತು ವಾರಕ್ಕೆ ಹೂವಿಗೆ ಬರುತ್ತದೆ. ಗಿಡದ ತುದಿಯಲ್ಲಿ ಸೂಲಂಗಿ ಬಿಡುತ್ತದೆ, ಅದು ಗಂಡು ಹೂವು. ನಡುವೆ ತೆನೆಯ ತುದಿಯಿಂದ ರೇಷ್ಮೆಯಂಥ ಕೂದಲು ಇಳಿಯುತ್ತದೆ. ಪ್ರತಿ ಕೂದಲಿನ ಬುಡದಲ್ಲೂ ಒಂದೊಂದು ಕಾಳಿನ ಜಾಗ ಇರುತ್ತದೆ. ಸೂಲಂಗಿಯ ಪುಡಿ ಆ ಕೂದಲ ಮೇಲೆ ಬಿದ್ದರೆ ಮಾತ್ರ ಕಾಳು ಕಟ್ಟುತ್ತದೆ. ಕೂದಲು ಹೊರಬರಲು ತುಂಬ ನೀರು ಬೇಕು. ನೆಲ ಒಣಗಿದ್ದರೆ ಕೂದಲು ತಡವಾಗುತ್ತದೆ, ಅಷ್ಟರಲ್ಲಿ ಸೂಲಂಗಿಯ ಪುಡಿ ಉದುರಿ ಮುಗಿದಿರುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ಆ ತೆನೆಯಲ್ಲಿ ಕಾಳು ಬರುವುದಿಲ್ಲ. ಗಿಡ ಹಸಿರಾಗಿಯೇ ಕಾಣಬಹುದು. ಸಿಪ್ಪೆ ಬಿಡಿಸಿದರೆ ಬರೀ ದಿಂಡು.

ಸಜ್ಜೆ, ಬಿಳಿಜೋಳ ಹಾಗಲ್ಲ. ಒಣಗಿದಾಗ ಸುಮ್ನೆ ತಡೆದು ನಿಂತು, ಹನಿ ಬಿದ್ದಾಗ ಮತ್ತೆ ಚಿಗುರುವ ಶಕ್ತಿ ಅವಕ್ಕೆ ಇದೆ. ಹಾಗಾದರೆ ಅವರು ಮೆಕ್ಕೆಜೋಳವನ್ನೇ ಯಾಕೆ ನಂಬಿದರು? ಇದಕ್ಕೆ ನೂರು ವರ್ಷದ ಕಥೆ ಇದೆ. ಹಿಂದೆ ಟೊಂಗಾ ಹೊಲಗಳಲ್ಲಿ ಜೋಳ, ಸಜ್ಜೆಯೇ ಮುಖ್ಯವಾಗಿದ್ದವು. 1900ರ ದಶಕದಲ್ಲಿ ಈ ಭಾಗಕ್ಕೆ ರೈಲು ಬಂತು. ಉತ್ತರದ ತಾಮ್ರದ ಗಣಿಗಳ ಕೆಲಸಗಾರರಿಗೆ ಊಟ ಬೇಕಾಯಿತು. ಮೆಕ್ಕೆಜೋಳ ಬೆಳೆದರೆ ಕಾಸು ಸಿಗುತ್ತಿತ್ತು. ಎತ್ತು ಕಟ್ಟಿ ನೇಗಿಲು ಹೂಡುವುದನ್ನು ಇಲ್ಲಿನ ಟೊಂಗಾ ಜನರಿಗೆ ಕಲಿಸಿದವರಲ್ಲಿ ಚಿಕುನಿಯ ಫಾದರ್ ಮೊರೊ ಮುಖ್ಯರು. ಗುದ್ದಲಿಯಲ್ಲಿ ಆಗದಷ್ಟು ಅಗಲದ ಹೊಲ ನೇಗಿಲಿನಲ್ಲಿ ಆಯಿತು. ಈ ಪ್ರಸ್ಥಭೂಮಿ ದೇಶದ ಮೆಕ್ಕೆಜೋಳದ ಕಣಜವಾಯಿತು. ಅದರಿಂದ ಎಷ್ಟೋ ಮನೆಗಳ ಮಕ್ಕಳು ಓದಿದರು. ಒಂದೇ ಬೆಳೆಯ ಮೇಲೆ ಇಡೀ ನಾಡಿನ ಭಾರ ಬಿದ್ದದ್ದೂ ಅದೇ ದಾರಿಯಲ್ಲಿ.

ಅಣೆಕಟ್ಟು ಖಾಲಿಯಾದರೆ ಮಿಷನ್‌ನ ನಲ್ಲಿ ಯಾಕೆ ನಿಲ್ಲುತ್ತದೆ?

ಜಾಂಬಿಯಾದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ 85 ಭಾಗ ನೀರಿನಿಂದಲೇ ಬರುತ್ತಿತ್ತು. ಅದರಲ್ಲಿ ದೊಡ್ಡ ಪಾಲು ಜಾಂಬೆಜಿ ನದಿಯ ಕರಿಬಾ ಮತ್ತು ಕಫುಯೆ ನದಿಯ ಅಣೆಕಟ್ಟುಗಳದ್ದು. ಕರಿಬಾ ಎಷ್ಟು ದೊಡ್ಡದೆಂದರೆ, ಮನುಷ್ಯ ಕಟ್ಟಿದ ಜಲಾಶಯಗಳಲ್ಲಿ ನೀರಿನ ಪ್ರಮಾಣದ ಲೆಕ್ಕಕ್ಕೆ ಜಗತ್ತಿನಲ್ಲೇ ಅದು ಮೊದಲನೆಯದು. 1950ರ ದಶಕದ ಕೊನೆಯಲ್ಲಿ ಅದನ್ನು ಕಟ್ಟಿದಾಗ ಕಣಿವೆಯ ಸುಮಾರು 57,000 ಟೊಂಗಾ ಜನ ಮನೆಮಠ ಬಿಟ್ಟು ಏಳಬೇಕಾಯಿತು. ಲಿಂಗನಮಕ್ಕಿಯ ಸುತ್ತಲಿನವರಿಗೆ ಈ ನೋವು ಗೊತ್ತು.

ಕೆಆರ್‌ಎಸ್ 124.80 ಅಡಿ, ಲಿಂಗನಮಕ್ಕಿ 1,819 ಅಡಿ ಎಂದು ನಾವು ಪೇಪರಿನಲ್ಲಿ ನೋಡುತ್ತೇವಲ್ಲ, ಕರಿಬಾಗೂ ಹಾಗೆ ಒಂದು ಲೆಕ್ಕ ಇದೆ. ಸಮುದ್ರಮಟ್ಟದಿಂದ 475.5 ಮೀಟರ್‌ನಿಂದ 488.5 ಮೀಟರ್‌ವರೆಗಿನ ನೀರು ಮಾತ್ರ ವಿದ್ಯುತ್ತಿಗೆ ಬಳಸಲು ಸಿಗುತ್ತದೆ. ಅಂದರೆ ಮೇಲಿನ 13 ಮೀಟರ್. ಅದರ ಕೆಳಗೆ ಎಷ್ಟೇ ನೀರಿದ್ದರೂ ಟರ್ಬೈನ್‌ಗೆ ಅದು ಎಟಕುವುದಿಲ್ಲ. 2024ರಲ್ಲಿ ಆ 13 ಮೀಟರ್ ಹೆಚ್ಚುಕಡಿಮೆ ಮುಗಿಯುತ್ತಾ ಬಂತು. ದೇಶದ ಎಷ್ಟೋ ಕಡೆ ದಿನಕ್ಕೆ 21 ಗಂಟೆಯವರೆಗೂ ಕರೆಂಟ್ ಇರಲಿಲ್ಲ.

ಈಗ ಮಿಷನ್ ಊರಿಗೆ ಬನ್ನಿ. ಅಲ್ಲಿ ಆಸ್ಪತ್ರೆಗೂ ಹಾಸ್ಟೆಲ್‌ಗೂ ನೀರು ಬರುವುದು ಕೊಳವೆ ಬಾವಿಯಿಂದ. ನೀರನ್ನು ಮೇಲಿನ ಟ್ಯಾಂಕಿಗೆ ಎತ್ತುವುದು ಕರೆಂಟಿನ ಮೋಟರ್. ಕರೆಂಟ್ ಮೂರು ಗಂಟೆ ಮಾತ್ರ ಇದ್ದರೆ ಮೋಟರ್ ಮೂರು ಗಂಟೆ ಮಾತ್ರ ಓಡುತ್ತದೆ. ಅದೂ ನಡುರಾತ್ರಿ ಬಂದರೆ ಯಾರೋ ಒಬ್ಬರು ಎದ್ದು ಸ್ವಿಚ್ ಹಾಕಬೇಕು. ನಮ್ಮ ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟಿಗೆ ಕಾದು ರಾತ್ರಿ ತೋಟಕ್ಕೆ ಹೋಗುವ ರೈತರಿಗೆ ಇದು ಹೊಸ ಮಾತಲ್ಲ. ಡೀಸೆಲ್ ಜನರೇಟರ್ ಹಾಕಬಹುದು. ಆಗ ಔಷಧಿಗೆ, ಊಟಕ್ಕೆ ಇಟ್ಟ ಹಣ ಡೀಸೆಲ್‌ಗೆ ಹೋಗುತ್ತದೆ.

ನೀರಿನ ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ದಿನಕ್ಕೆ ಕನಿಷ್ಠ 20 ಲೀಟರ್ ಎಂದರೂ 500 ಮಕ್ಕಳ ಹಾಸ್ಟೆಲ್‌ಗೆ 10,000 ಲೀಟರ್ ಬೇಕು. ಕುಡಿಯಲು, ಅಡುಗೆಗೆ, ಕೈಕಾಲು ತೊಳೆಯಲು ಅಷ್ಟೇ. ಬಟ್ಟೆ, ಸ್ನಾನಕ್ಕೆ ಬಿಗಿ ಹಿಡಿಯಬೇಕು. ಆಸ್ಪತ್ರೆಯಲ್ಲಿ ಹಾಗೆ ಬಿಗಿ ಹಿಡಿಯಲು ಆಗುವುದಿಲ್ಲ. ಹೆರಿಗೆ ಕೋಣೆ, ಗಾಯ ತೊಳೆಯುವುದು, ಹಾಸಿಗೆ ಬಟ್ಟೆ ಎಲ್ಲದಕ್ಕೂ ನೀರು ಬೇಕೇಬೇಕು. ಜೊತೆಗೆ ಹಳ್ಳಿಯ ಬಾವಿ ಬತ್ತಿದವರೂ ಮಿಷನ್‌ನ ನಲ್ಲಿಗೇ ಬರುತ್ತಾರೆ. ಅವರಿಗೆ ಇಲ್ಲ ಎನ್ನುವುದು ಹೇಗೆ?

ನೀರು ಕಡಿಮೆಯಾದರೆ ಕಾಯಿಲೆ ಜಾಸ್ತಿಯಾಗುವುದು ಇದೇ ದಾರಿಯಲ್ಲಿ. ಕೈ ತೊಳೆಯುವುದು ಕಡಿಮೆಯಾಗುತ್ತದೆ. ಜನ, ದನ ಒಂದೇ ಗುಂಡಿಯ ನೀರಿಗೆ ಇಳಿಯುತ್ತಾರೆ. ಬರ ಬರುವ ಹೊತ್ತಿಗಾಗಲೇ ಜಾಂಬಿಯಾದಲ್ಲಿ ಕಾಲರಾ ಹಬ್ಬಿತ್ತು. 2023ರ ಅಕ್ಟೋಬರ್‌ನಲ್ಲಿ ಶುರುವಾದ ಆ ಸುತ್ತಿನಲ್ಲಿ 20,000ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ, 700ಕ್ಕೂ ಹೆಚ್ಚು ಜನ ತೀರಿಕೊಂಡರು. ಅದರ ದೊಡ್ಡ ಹೊಡೆತ ಬಿದ್ದದ್ದು ಲುಸಾಕಾ ನಗರಕ್ಕೆ. ಆದರೂ ಭಯ ಪ್ರತಿ ಹಳ್ಳಿ ಆಸ್ಪತ್ರೆಯ ಬಾಗಿಲಲ್ಲೂ ಇತ್ತು.

ಸೊಲ್ಲಾಪುರ, ಜಾಲ್ನಾ ಮತ್ತು ಒಂದು ಕೈಪಂಪು

ಈ ವಿಷಯವನ್ನು ಓದುತ್ತಾ ಹೋದಾಗ ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಸಂಗತಿ ಇದು. ಕರೆಂಟ್ ಹೋದಾಗ ದಕ್ಷಿಣ ಜಾಂಬಿಯಾದ ಹಳ್ಳಿಗಳನ್ನು ಉಳಿಸುವ ಕೈಪಂಪುಗಳಲ್ಲಿ ಬಹಳಷ್ಟಕ್ಕೆ ಒಂದು ಹೆಸರಿದೆ: ಇಂಡಿಯಾ ಮಾರ್ಕ್ 2. ಹೌದು, ನಮ್ಮ ಊರ ಮುಂದೆ, ಶಾಲೆಯ ಪಕ್ಕ ಇದ್ದ ಅದೇ ಬೋರಿಂಗು. ಉದ್ದ ಹಿಡಿ, ಕಬ್ಬಿಣದ ತಲೆ, ಒತ್ತಿದರೆ ಕಿರ್ ಎನ್ನುವ ಶಬ್ದ.

1960ರ ದಶಕದ ಬರಗಳಲ್ಲಿ ಭಾರತದ ಗಟ್ಟಿ ಕಲ್ಲಿನ ನಾಡುಗಳಲ್ಲಿ ಕೊಳವೆ ಬಾವಿ ಕೊರೆಯುವುದು ಶುರುವಾಯಿತು. ಅವಕ್ಕೆ ಕೂರಿಸಿದ್ದು ಹೊರದೇಶದ ಮಾದರಿಯ ಎರಕದ ಪಂಪು. ಅದು ಒಂದು ಮನೆಯವರು ಬಳಸಲು ಮಾಡಿದ್ದು. ಇಲ್ಲಿ ಇಡೀ ಊರು ಬೆಳಗಿನಿಂದ ರಾತ್ರಿವರೆಗೆ ಒತ್ತಿದರೆ ತಡೆಯುತ್ತದೆಯೇ? ಮುರಿದು ಮುರಿದು ಬಿದ್ದವು. ಆಗ ಮಹಾರಾಷ್ಟ್ರದ ಜಾಲ್ನಾ ಮತ್ತು ನಮ್ಮ ಗಡಿಯ ಸೊಲ್ಲಾಪುರದಲ್ಲಿ ಮಿಷನ್‌ಗಳ ಜೊತೆ ನೀರಿನ ಕೆಲಸ ಮಾಡುತ್ತಿದ್ದವರು ತಾವೇ ಉಕ್ಕಿನ ಪಂಪು ಮಾಡಿಕೊಂಡರು. ಸ್ಥಳೀಯ ವರ್ಕ್‌ಶಾಪ್‌ನಲ್ಲಿ ವೆಲ್ಡ್ ಮಾಡಬಹುದಾದ, ಒಂದೇ ಕೀಲಿನ ಮೇಲೆ ಆಡುವ ಗಟ್ಟಿ ಪಂಪು. ಸೊಲ್ಲಾಪುರದ ಆ ಪಂಪನ್ನೇ ಬುನಾದಿಯಾಗಿ ಇಟ್ಟುಕೊಂಡು 1970ರ ದಶಕದಲ್ಲಿ ಯುನಿಸೆಫ್ ಮತ್ತು ಭಾರತದ ಎಂಜಿನಿಯರ್‌ಗಳು ಇಂಡಿಯಾ ಮಾರ್ಕ್ 2 ರೂಪಿಸಿದರು. ಲಕ್ಷಗಟ್ಟಲೆ ಪಂಪುಗಳು ತಯಾರಾದವು, ಆಫ್ರಿಕಾಕ್ಕೂ ಹೋದವು. ನಮ್ಮ ಕಡೆಯ ಬರದಲ್ಲಿ, ಮಿಷನ್ ಕೆಲಸಗಾರರ ನಡುವೆ ಹುಟ್ಟಿದ ಪಂಪು ಹೀಗೆ ಇನ್ನೊಂದು ಖಂಡದ ಬರಕ್ಕೆ ಒದಗಿತು.

ಅದು ದಕ್ಷಿಣ ಜಾಂಬಿಯಾಕ್ಕೆ ಚೆನ್ನಾಗಿ ಹೊಂದುತ್ತದೆ. ಚೋಮ, ಕಲೋಮೊ ಸುತ್ತ ನೆಲದಡಿ ಇರುವುದು ನಮ್ಮ ಹಾಗೆಯೇ ಗ್ರಾನೈಟ್. ಇಂಥ ನೆಲದಲ್ಲಿ ನೀರು ಕೊಳದ ಹಾಗೆ ನಿಂತಿರುವುದಿಲ್ಲ. ಬಂಡೆಯ ಬಿರುಕುಗಳಲ್ಲಿ, ಮೇಲಿನ ಶಿಥಿಲವಾದ ಪದರದಲ್ಲಿ ಇರುತ್ತದೆ. ಒಂದು ಕಡೆ ಕೊರೆದರೆ ನೀರು, ಹತ್ತು ಮಾರು ಆಚೆ ಕೊರೆದರೆ ಬರೀ ಧೂಳು.

ಕೈಪಂಪಿಗೂ ಮಿತಿ ಇದೆ. ಅದು ನಿಮಿಷಕ್ಕೆ ಸುಮಾರು 12ರಿಂದ 15 ಲೀಟರ್ ಕೊಡುತ್ತದೆ. ಹಾಸ್ಟೆಲ್‌ನ 10,000 ಲೀಟರ್ ಎತ್ತಬೇಕೆಂದರೆ ಹನ್ನೊಂದರಿಂದ ಹದಿನಾಲ್ಕು ಗಂಟೆ ಬಿಡದೆ ಒತ್ತಬೇಕು. ನೀರಿನ ಮಟ್ಟ ಸುಮಾರು 50 ಮೀಟರ್‌ಗಿಂತ ಕೆಳಗೆ ಹೋದರೆ ಸಾಮಾನ್ಯ ಮಾರ್ಕ್ 2ಗೆ ಕಷ್ಟ. ಒಳಗಿನ ವಾಷರ್ ಸವೆಯುತ್ತದೆ, ಪೈಪು ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಜಾಂಬಿಯಾದಲ್ಲಿ ಹಳ್ಳಿಯವರನ್ನೇ ಆರಿಸಿ ಪಂಪು ರಿಪೇರಿಗೆ ತರಬೇತಿ ಕೊಟ್ಟಿದ್ದಾರೆ. ಸೈಕಲ್ ಮೇಲೆ ಸ್ಪ್ಯಾನರ್ ಕಟ್ಟಿಕೊಂಡು ಬರುವ ಇಂಥ ಒಬ್ಬ ರಿಪೇರಿಯವರು ಇದ್ದಾರೋ ಇಲ್ಲವೋ ಎಂಬುದರ ಮೇಲೆ ಒಂದು ಊರಿನ ಹೆಂಗಸರು ಎಷ್ಟು ದೂರ ನಡೆಯಬೇಕು ಎಂಬುದು ನಿಂತಿರುತ್ತದೆ. ಅಲ್ಲೂ ನೀರು ಹೊರುವುದು ಹೆಂಗಸರು, ಹೆಣ್ಣುಮಕ್ಕಳೇ. ಬಾವಿ ದೂರವಾದಷ್ಟೂ ಹುಡುಗಿ ಶಾಲೆಗೆ ತಡವಾಗಿ ಬರುತ್ತಾಳೆ, ಆಮೇಲೆ ಬರುವುದನ್ನೇ ಬಿಡುತ್ತಾಳೆ.

ಈಚೆಗೆ ಸೋಲಾರ್ ಪಂಪು ಬರುತ್ತಿವೆ. ಕರೆಂಟಿನ ಗೊಡವೆ ಇಲ್ಲ, ಒಣಗಾಲದಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಬಿಸಿಲು ಇರುವಷ್ಟು ಹೊತ್ತೂ ಎತ್ತುತ್ತಲೇ ಇದ್ದರೆ ಕೆಳಗಿನ ನೀರು ಇನ್ನೂ ಬೇಗ ಇಳಿಯುತ್ತದೆ. ಕೋಲಾರದವರಿಗೆ ಈ ಪಾಠ ಗೊತ್ತು.

ನ್ಶಿಮಾ ಇಲ್ಲದಿದ್ದರೆ ಊಟ ಅಲ್ಲ

ಜಾಂಬಿಯಾದ ಊಟ ಎಂದರೆ ನ್ಶಿಮಾ. ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಹಾಕಿ ಗಟ್ಟಿಯಾಗುವವರೆಗೆ ತಿರುವಿ ಮಾಡುವ ಬಿಳಿ ಮುದ್ದೆ. ಕೈಯಲ್ಲಿ ಮುರಿದು, ಸೊಪ್ಪಿನ ಪಲ್ಯಕ್ಕೋ ಸಾರಿಗೋ ಅದ್ದಿ ತಿನ್ನುತ್ತಾರೆ. ರಾಗಿ ಮುದ್ದೆ ಉಂಡು ಬೆಳೆದವರಿಗೆ ಇದನ್ನು ವಿವರಿಸುವುದೇ ಬೇಡ. ಅಂದಹಾಗೆ, ನಮ್ಮ ರಾಗಿಯ ತವರು ಕೂಡ ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂತು.

ಸಾಮಾನ್ಯ ವರ್ಷದಲ್ಲೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಸಿವಿನ ತಿಂಗಳುಗಳು. ಹಳೆಯ ಕಾಳು ಮುಗಿದಿರುತ್ತದೆ, ಹೊಸದು ಇನ್ನೂ ಹೊಲದಲ್ಲಿರುತ್ತದೆ. ಬರದ ವರ್ಷದಲ್ಲಿ ಕಣಜಕ್ಕೆ ಕಾಳೇ ಬಂದಿರುವುದಿಲ್ಲ. ಹಾಗಾಗಿ ಹಸಿವು ನಾಲ್ಕೈದು ತಿಂಗಳು ಮೊದಲೇ ಬಾಗಿಲಿಗೆ ಬರುತ್ತದೆ. 2023ರಲ್ಲಿ ಸುಮಾರು 32 ಲಕ್ಷ ಟನ್ ಇದ್ದ ದೇಶದ ಮೆಕ್ಕೆಜೋಳ 2024ರಲ್ಲಿ ಸುಮಾರು 15 ಲಕ್ಷ ಟನ್‌ಗೆ ಇಳಿಯಿತು. ಕಾಳು ಬೆಳೆಯುತ್ತಿದ್ದ ಮನೆಗಳೇ 25 ಕಿಲೋ ಹಿಟ್ಟಿನ ಚೀಲ ಕೊಳ್ಳಲು ಅಂಗಡಿಗೆ ಬಂದವು. ಕೊಳ್ಳುವವರು ಜಾಸ್ತಿ, ಚೀಲ ಕಡಿಮೆ. ಬೆಲೆ ಏರಿತು.

ಮನೆಗಳು ಮಾಡುವುದು ನಮಗೆ ಗೊತ್ತಿರುವುದನ್ನೇ. ಮೂರು ಹೊತ್ತಿನ ಊಟ ಎರಡಾಗುತ್ತದೆ, ಎರಡು ಒಂದಾಗುತ್ತದೆ. ದೊಡ್ಡವರು ತಮ್ಮ ಪಾಲನ್ನು ಮಕ್ಕಳಿಗೆ ಬಿಡುತ್ತಾರೆ. ಕಾಡಿನ ಹಣ್ಣು, ಗೆಡ್ಡೆ ಹುಡುಕುತ್ತಾರೆ. ಮರ ಕಡಿದು ಇದ್ದಿಲು ಸುಟ್ಟು ಮಾರುತ್ತಾರೆ. ಗಂಡಸರು ಗುಳೆ ಹೋಗುತ್ತಾರೆ. ಸರ್ಕಾರ ಬಡ ಮನೆಗಳಿಗೆ ನೇರ ಹಣ ಕೊಟ್ಟಿತು. ನಮ್ಮ ಉದ್ಯೋಗ ಖಾತ್ರಿಯನ್ನು ಹೋಲುವ, ಕೆಲಸ ಮಾಡಿದರೆ ಹಣ ಕೊಡುವ ಯೋಜನೆಯನ್ನೂ 2024ರಲ್ಲಿ ತಂದಿತು.

ಮಿಷನ್‌ಗೆ ಈ ಹಸಿವು ಬೇರೆ ಬೇರೆ ಬಾಗಿಲಿಂದ ಬರುತ್ತದೆ. ಶಾಲೆಗೆ ಬರುವ ಮಗು ಮಧ್ಯಾಹ್ನದ ಹೊತ್ತಿಗೆ ತೂಕಡಿಸುತ್ತದೆ. ಹಾಸ್ಟೆಲ್ ಮಕ್ಕಳ ಫೀಸು ಬಾಕಿ ಉಳಿಯುತ್ತದೆ, ಹಾಸ್ಟೆಲ್ ಅಡುಗೆಯ ಹಿಟ್ಟಿನ ಬೆಲೆ ಮಾತ್ರ ಏರುತ್ತದೆ. ಆಸ್ಪತ್ರೆಯಲ್ಲಿ ಸೊರಗಿದ ಕೂಸುಗಳು ಹೆಚ್ಚುತ್ತವೆ. ಎಚ್‌ಐವಿ, ಕ್ಷಯದ ಮಾತ್ರೆಗಳನ್ನು ದಿನವೂ ನುಂಗುವವರು ಅಲ್ಲಿ ಬಹಳ. ಖಾಲಿ ಹೊಟ್ಟೆಗೆ ಮಾತ್ರೆ ಹಿಡಿಸುವುದಿಲ್ಲ ಎಂದು ಕೆಲವರು ಬಿಟ್ಟುಬಿಡುತ್ತಾರೆ. ಬಿಟ್ಟರೆ ರೋಗ ಮತ್ತೆ ತಲೆ ಎತ್ತುತ್ತದೆ. ಹಿಟ್ಟಿನ ಚೀಲಕ್ಕೂ ವಾರ್ಡಿನ ಹಾಸಿಗೆಗೂ ಇರುವ ನಂಟು ಇದು.

ದನ ಹೊಡೆದುಕೊಂಡು ಎಲ್ಲಿಗೆ?

ಟೊಂಗಾ ಮನೆಯಲ್ಲಿ ದನ ಎಂದರೆ ಬ್ಯಾಂಕು. ಉಳಲು ಎತ್ತು, ಮಕ್ಕಳಿಗೆ ಮಬಿಸಿ ಎಂಬ ಗಟ್ಟಿ ಹುಳಿಹಾಲು, ಮದುವೆಗೆ ಹೆಣ್ಣಿನ ಮನೆಗೆ ಕೊಡುವ ದನ, ಶಾಲೆ ಫೀಸು ಕಟ್ಟಲು ಮಾರುವ ದನ.

ಒಣಗಾಲದಲ್ಲಿ ದನಗಳನ್ನು ಕಫುಯೆ ನದಿಯ ಬಯಲಿಗೆ ಹೊಡೆದುಕೊಂಡು ಹೋಗುವುದು ಹಳೆಯ ರೂಢಿ. ಮಳೆಗಾಲದಲ್ಲಿ ನೆರೆ ಬಂದು ನಿಂತ ಆ ಬಯಲಿನಲ್ಲಿ ನೀರು ಇಳಿದಂತೆ ಹುಲ್ಲು ಬರುತ್ತದೆ. ಬರದ ವರ್ಷ ನೆರೆಯೇ ಸರಿಯಾಗಿ ಬರುವುದಿಲ್ಲ, ಹುಲ್ಲೂ ಕಡಿಮೆ. ಎಲ್ಲ ಊರಿನ ದನ ಒಂದೇ ಕಡೆ ಸೇರಿದಾಗ ಉಣ್ಣೆ ಹುಳು ಹತ್ತಿ ರೋಗ ಹರಡುತ್ತದೆ. ಮಾರೋಣ ಎಂದರೆ ಎಲ್ಲರೂ ಒಟ್ಟಿಗೆ ಮಾರಲು ಬಂದಿರುತ್ತಾರೆ. ದನದ ಬೆಲೆ ಬೀಳುತ್ತದೆ, ಹಿಟ್ಟಿನ ಬೆಲೆ ಏರಿರುತ್ತದೆ. ಒಂದು ದನಕ್ಕೆ ಬರುವ ಹಿಟ್ಟಿನ ಚೀಲಗಳು ತಿಂಗಳು ತಿಂಗಳು ಕಡಿಮೆಯಾಗುತ್ತವೆ. ಬರದಲ್ಲಿ ರೈತ ಹೇಗೆ ಬಡವನಾಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಸರಳ ಲೆಕ್ಕ ನನಗೆ ಸಿಕ್ಕಿಲ್ಲ.

ಒಣ ನೆಲದಲ್ಲಿ ಗುಣಿ, ಮಳೆಗಾಲದಲ್ಲಿ ಎಲೆ ಉದುರಿಸುವ ಮರ

ಈಗ ಜಾಂಬಿಯಾದಲ್ಲಿ ಕಲಿಸುತ್ತಿರುವುದು ನೇಗಿಲಿಗೆ ಬದಲಾಗಿ ಗುಣಿ. ಒಣಗಾಲದಲ್ಲೇ, ಮಳೆ ಬರುವ ಮುಂಚೆ, ಭಾರದ ಗುದ್ದಲಿಯಿಂದ ಅಳತೆ ಹಿಡಿದು ಚಿಕ್ಕ ಚಿಕ್ಕ ಗುಣಿ ತೋಡುತ್ತಾರೆ. ಸುಮಾರು ಒಂದು ಅಡಿ ಉದ್ದ, ಒಂದು ಗೇಣಿನಷ್ಟು ಆಳ. ಗೊಬ್ಬರವನ್ನು ಇಡೀ ಹೊಲಕ್ಕೆ ಚೆಲ್ಲದೆ ಗುಣಿಗೇ ಹಾಕುತ್ತಾರೆ. ಮೊದಲ ಮಳೆ ಗುಣಿಯಲ್ಲಿ ನಿಂತು ಇಂಗುತ್ತದೆ. ಹಿಂದಿನ ಬೆಳೆಯ ದಂಟನ್ನು ಸುಡದೆ ನೆಲಕ್ಕೆ ಹೊದಿಸುತ್ತಾರೆ, ಬಿಸಿಲಿಗೆ ನೀರು ಆರದಂತೆ. ಮಳೆ ಬಂದ ಕೂಡಲೇ ಬಿತ್ತಬಹುದು. ಸೊರಗಿದ ಎತ್ತು ಉಳಲು ತಯಾರಾಗುವವರೆಗೆ ಕಾಯಬೇಕಾಗಿಲ್ಲ. ಬಿತ್ತನೆ ಒಂದು ವಾರ ಮುಂದಾದರೆ ಹೂವು ಒಂದು ವಾರ ಮುಂದಾಗುತ್ತದೆ. ಆ ಒಂದು ವಾರ ಎಷ್ಟು ಮುಖ್ಯ ಎಂದು ಮೆಕ್ಕೆಜೋಳದ ಕೂದಲ ವಿಷಯದಲ್ಲಿ ನೋಡಿದೆವು.

ಕಷ್ಟವೂ ಇದೆ. ಒಂದು ಹೆಕ್ಟೇರಿಗೆ 15,000ಕ್ಕೂ ಹೆಚ್ಚು ಗುಣಿ ಬೇಕು. ಅದೂ ಅಕ್ಟೋಬರ್ ಬಿಸಿಲಲ್ಲಿ, ಅರೆಹೊಟ್ಟೆಯಲ್ಲಿ. ಹಾಗಾಗಿ ಬಹಳ ಮನೆಗಳು ಹೊಲದ ಒಂದು ಮೂಲೆಗೆ ಮಾತ್ರ ಮಾಡುತ್ತವೆ. ಎತ್ತು ಇದ್ದವರಿಗೆ ಇನ್ನೊಂದು ದಾರಿ ಇದೆ. ಇದೇ ದಕ್ಷಿಣ ಪ್ರಾಂತ್ಯದ ಮಗೊಯೆಯಲ್ಲಿ ರೂಪಿಸಿದ ಒಂದು ಸಲಕರಣೆ ಮಣ್ಣನ್ನು ಪೂರ್ತಿ ಮಗುಚದೆ ಸಾಲು ಮಾತ್ರ ಸೀಳುತ್ತದೆ.

ಮುಸಾಂಗು ಎಂಬ ಮರದ ಕಥೆ ಇನ್ನೂ ಚೆಂದ. ನಮ್ಮ ಜಾಲಿಯ ಬಳಗದ್ದು. ಬೇರೆ ಮರಗಳು ಒಣಗಾಲದಲ್ಲಿ ಎಲೆ ಉದುರಿಸಿದರೆ ಇದು ಮಳೆಗಾಲದಲ್ಲಿ ಉದುರಿಸುತ್ತದೆ. ಹಾಗಾಗಿ ಕೆಳಗಿನ ಬೆಳೆಗೆ ನೆರಳು ಬೀಳುವುದಿಲ್ಲ, ಎಲೆ ಗೊಬ್ಬರವಾಗುತ್ತದೆ. ಒಣಗಾಲದಲ್ಲಿ ಹಸಿರಾಗಿ ನಿಂತು ದನಕ್ಕೆ ನೆರಳನ್ನೂ ಕಾಯಿಯನ್ನೂ ಕೊಡುತ್ತದೆ. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಬನ್ನಿ ಮರವನ್ನು ಕಡಿಯದೆ ಬಿಡುತ್ತಾರಲ್ಲ, ಅದೇ ಬುದ್ಧಿ.

ಮಿಷನ್‌ಗಳು ಇದರಲ್ಲಿ ಕೈಜೋಡಿಸಿವೆ. ಲುಸಾಕಾ ಹತ್ತಿರದ ಕಸಿಸಿ ಎಂಬಲ್ಲಿ ಜೆಸ್ಯೂಟರು 1974ರಲ್ಲಿ ಶುರುಮಾಡಿದ ಕೃಷಿ ತರಬೇತಿ ಕೇಂದ್ರ ರಾಸಾಯನಿಕ ಗೊಬ್ಬರವಿಲ್ಲದ ಬೇಸಾಯ ಕಲಿಸುತ್ತದೆ. ಚಿಕುನಿಯಲ್ಲಿ ರೇಡಿಯೊ ಇದೆ. ಮಳೆಯ ಮುನ್ಸೂಚನೆ ಇಂಗ್ಲಿಷಿನಲ್ಲಿ ‘ಸಾಮಾನ್ಯಕ್ಕಿಂತ ಕಡಿಮೆ ಆಗುವ ಸಾಧ್ಯತೆ’ ಎಂದು ಹೇಳಿದರೆ ರೈತ ಏನು ಮಾಡಬೇಕು? ಬೇಗ ಬರುವ ತಳಿ ಬಿತ್ತಬೇಕೇ, ಸ್ವಲ್ಪ ಹೊಲಕ್ಕೆ ಜೋಳ ಹಾಕಬೇಕೇ? ಮನೆಮಾತಿನಲ್ಲಿ ಕೇಳಿದಾಗಲೇ ಅದು ಹೊಲಕ್ಕೆ ಇಳಿಯುತ್ತದೆ. ಇದೇ ರೇಡಿಯೊ ದೂರದ ಹಳ್ಳಿಯ ಮಕ್ಕಳಿಗೆ ಪಾಠವನ್ನೂ ಹೇಳಿಕೊಟ್ಟಿದೆ.

ಟೊಂಗಾ ಜನರಿಗೆ ಮಳೆಯ ಜೊತೆ ತಮ್ಮದೇ ಹಳೆಯ ನಂಟಿದೆ. ‘ಮಲೆಂಡೆ’ ಎಂಬ ಮಳೆಯ ಗುಡಿಗಳಿವೆ. ಮೊಂಜೆಯ ಗೊಂಡೆಯಲ್ಲಿ ಪ್ರತಿ ವರ್ಷ ಸುಗ್ಗಿಯ ನಂತರ, ಜುಲೈ ಹೊತ್ತಿಗೆ, ಲ್ವೀಂಡಿ ಎಂಬ ಹಬ್ಬ ನಡೆಯುತ್ತದೆ. ಬೆಳೆಗೆ ಕೃತಜ್ಞತೆ, ಮುಂದಿನ ಮಳೆಗೆ ಬೇಡಿಕೆ ಎರಡೂ ಅಲ್ಲಿ ಸೇರುತ್ತವೆ. ಚರ್ಚಿನಲ್ಲೂ ಮಳೆಗಾಗಿ ಪ್ರಾರ್ಥನೆ ನಡೆಯುತ್ತದೆ. ನಮ್ಮಲ್ಲಿ ಕಪ್ಪೆ ಮದುವೆ, ಮಳೆರಾಯನ ಪೂಜೆ ಇದ್ದ ಹಾಗೆ.

ಮಳೆ ಬಂದ ಮೇಲೆ

2024ರ ಕೊನೆಯಲ್ಲಿ ಶುರುವಾದ ಮಳೆಗಾಲ ಚೆನ್ನಾಗಿ ಆಯಿತು. 2025ರಲ್ಲಿ ಜಾಂಬಿಯಾದ ಮೆಕ್ಕೆಜೋಳ ಸುಮಾರು 36 ಲಕ್ಷ ಟನ್ ದಾಟಿತು, ಅಷ್ಟು ಹಿಂದೆಂದೂ ಬಂದಿರಲಿಲ್ಲ. ಹಾಗಾದರೆ ಬರ ಮುಗಿಯಿತೇ?

ಹೊಲದ ಮಟ್ಟಿಗೆ ಹೌದು. ಕರಿಬಾದ ಮಟ್ಟಿಗೆ ಇಲ್ಲ. ಅಷ್ಟು ದೊಡ್ಡ ಜಲಾಶಯ ಒಂದೇ ಮಳೆಗೆ ತುಂಬುವುದಿಲ್ಲ. 2025ರಲ್ಲೂ ಕರೆಂಟ್ ಕಡಿತ ಮುಂದುವರಿಯಿತು. ನೆಲದಡಿಯ ನೀರು ಕೂಡ ನಿಧಾನಕ್ಕೇ ಏರುತ್ತದೆ. ಮಾರಿದ ಎತ್ತಿನ ಜಾಗಕ್ಕೆ ಇನ್ನೊಂದು ಎತ್ತು ಬರಲು ಕರು ಹುಟ್ಟಿ ಮೂರು ನಾಲ್ಕು ವರ್ಷ ಬೆಳೆಯಬೇಕು. ಶಾಲೆ ಬಿಟ್ಟ ಹುಡುಗಿಯನ್ನು ಮತ್ತೆ ಕರೆತರಲು ಯಾರಾದರೂ ಮನೆಗೆ ಹೋಗಿ ಮಾತಾಡಬೇಕು. ಬೀಜಕ್ಕೆ, ಹಿಟ್ಟಿಗೆ ಮಾಡಿದ ಸಾಲ ಒಳ್ಳೆಯ ಬೆಳೆಯಿಂದಲೇ ತೀರಬೇಕು. ಎಲ್ಲರಿಗೂ ಒಳ್ಳೆಯ ಬೆಳೆ ಬಂದ ವರ್ಷ ಬೆಲೆ ಇಳಿದಿರುತ್ತದೆ.

ಒಣಗಾಲವಂತೂ ಪ್ರತಿ ವರ್ಷದ ಹಾಗೆ ಮೇ ತಿಂಗಳಿಗೆ ಬಂದೇ ಬರುತ್ತದೆ. ಬರದಲ್ಲಿ ಹಗಲು ರಾತ್ರಿ ಒತ್ತಿಸಿಕೊಂಡ ಕೈಪಂಪಿನ ವಾಷರ್ ಬದಲಿಸುವುದು, ಕಣಜ ತುಂಬಿರುವಾಗಲೇ ಮುಂದಿನ ಬಿತ್ತನೆಗೆ ಗುಣಿ ತೋಡಲು ಶುರು ಮಾಡುವುದು, ಎರಡೂ ಆ ತಿಂಗಳುಗಳ ಕೆಲಸ.